ವಿಮಾನ ಏಳುವ ಮೊದಲು ನೆನಪಿಸಿಕೊಳ್ಳುತ್ತಿದ್ದ ಬಸ್ ದಾರಿ

ಆಗುವುದಿಲ್ಲ ಎಂದು ಮೊದಲು ಹೇಳಿದವನು ನನ್ನ ಸೋದರಮಾವ ಮಂಜಪ್ಪ. ಭಟ್ಕಳದ ಪಕ್ಕದ ನಮ್ಮೂರು ಮುಟ್ಟಳ್ಳಿಯಲ್ಲಿ ಗದ್ದೆಯ ಅಂಚಿನ ಮೇಲೆ ನಿಂತು, ಕೈಯ ಕೆಸರನ್ನೂ ತೊಳೆಯದೆ, "ಈರಾ, ನೀ ಬಿ.ಎಸ್ಸಿ ಮಾಡ್ದೆ, ಆತು. ಮಾಸ್ತರನಾಗು. ವಿಮಾನ ಬಿಡೂದು ನಮ್ಮಂಥವರಿಗೆ ಆಗೂ ಕೆಲ್ಸ ಅಲ್ಲ" ಎಂದ. ಎರಡನೆಯವರು ಒಂದು ಕಚೇರಿಯ ಗುಮಾಸ್ತರು. ನನ್ನ ಅರ್ಜಿಯನ್ನು ಎರಡು ಸಲ ಓದಿ, ಇದು ಬಸ್ ಕಂಡಕ್ಟರ್ ಕೆಲಸಕ್ಕೆ ಇರಬೇಕು, ನೀನು ತಪ್ಪು ಫಾರ್ಮು ತುಂಬಿದ್ದೀಯ ಎಂದು ಬಹಳ ಸಮಾಧಾನದಿಂದ ತಿಳಿಸಿ ಹೇಳಿದರು. ಸಹಿಯನ್ನಂತೂ ಮಾಡಿಸಿಕೊಟ್ಟರು. ಇಬ್ಬರ ಮೇಲೂ ನನಗೆ ಸಿಟ್ಟಿಲ್ಲ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಯಾರೂ ಕಾಲೇಜಿನ ಒಳಗೆ ಕಾಲಿಟ್ಟವರಿರಲಿಲ್ಲ. ಹೈಸ್ಕೂಲಿಗೆ ಹೋದವರೂ ಇರಲಿಲ್ಲ. ಅವರು ಕಂಡ ಲೋಕದಲ್ಲಿ ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ನಾನು ವಿಮಾನ ಹಾರಿಸಿದೆ, ಆಮೇಲೆ ನಿವೃತ್ತನಾಗುವವರೆಗೆ ಹಾರಿಸುವುದನ್ನು ಕಲಿಸಿದೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದನ್ನು ಬರೆದರೆ ಓದುವವರಿಗೆ ಲಾಭವಿಲ್ಲ. ಈಗ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಇಷ್ಟೆಲ್ಲ ನೆನಪಿಟ್ಟುಕೊಳ್ಳುವುದು ಹೇಗೆ ಸರ್? ಅದಕ್ಕೆ ಉತ್ತರವಾಗಿ ನಾನು ಹೇಗೆ ಮರೆತೆ ಎಂಬುದನ್ನು ಹೇಳುತ್ತೇನೆ. ಕಲಿಯಲಿಕ್ಕೆ ಅದೇ ಹೆಚ್ಚು ಉಪಯೋಗ.

ಅಪ್ಪ ಅಮ್ಮ ಇಬ್ಬರೂ ಬೇಗ ಹೋದರು. ನನ್ನನ್ನು ಸಾಕಿದವಳು ಅಕ್ಕ ಮಾದೇವಿ. ಅವಳನ್ನು ಕುಮಟೆ ಪೇಟೆಗೆ ಹತ್ತಿರದ ಹೊಳನಗದ್ದೆಗೆ ಕೊಟ್ಟಿತ್ತು. ಹುಡುಗನನ್ನು ಗದ್ದೆ ಕೆಲಸಕ್ಕೆ ಬಿಡು ಎಂದು ಮಂಜಪ್ಪ ಮಾವ ಪಟ್ಟು ಹಿಡಿದಾಗ ಅವಳು ಅವನೊಡನೆ ಜಗಳವಾಡಿ ನನ್ನನ್ನು ತನ್ನ ಮನೆಗೆ ಕರೆದುಕೊಂಡು ಬಂದು ಕುಮಟೆಯ ಕಾಲೇಜಿಗೆ ಸೇರಿಸಿದಳು. ಕೊನೆಗೆ ಒಂದು ರಾಜಿಯಾಯಿತು. ಶನಿವಾರ ಮಧ್ಯಾಹ್ನ ನಾನು ಮುಟ್ಟಳ್ಳಿಗೆ ಹೋಗಿ ಭಾನುವಾರವಿಡೀ ಮಾವನ ಗದ್ದೆಯಲ್ಲಿ ದುಡಿಯಬೇಕು. ಸೋಮವಾರದ ಮೊದಲ ಬಸ್ಸಿಗೆ ಭಟ್ಕಳದಿಂದ ಹೊರಟು ಕಾಲೇಜಿಗೆ ಮುಟ್ಟಬೇಕು. ಡಿಗ್ರಿ ಮುಗಿಯುವವರೆಗೂ ಹಾಗೆಯೇ ನಡೆಯಿತು. ಆ ದಾರಿಯಲ್ಲಿ ಎಷ್ಟು ಸಲ ಹೋಗಿ ಬಂದೆನೋ ಲೆಕ್ಕವಿಟ್ಟಿಲ್ಲ.

ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ ಬೆಂಗಳೂರಿನ ಹೊರಗಿದ್ದ ಹಾರಾಟದ ಶಾಲೆಗೆ ಸೇರಿದ್ದು ಅರವತ್ತರ ದಶಕದ ಆರಂಭದಲ್ಲಿ. ರೆಕ್ಕೆಗೆ ಬಟ್ಟೆ ಹೊದಿಸಿದ, ಇಬ್ಬರು ಅಕ್ಕಪಕ್ಕ ಕೂರುವ ಚಿಕ್ಕ ವಿಮಾನಗಳು. ನಮ್ಮ ಮುಖ್ಯ ಶಿಕ್ಷಕರು ಕ್ಯಾಪ್ಟನ್ ನಂಬಿಯಾರ್. ದಪ್ಪ ಮೀಸೆ, ಸಣ್ಣ ದನಿ. ಸಿಟ್ಟು ಬಂದಷ್ಟೂ ದನಿ ಇನ್ನೂ ಸಣ್ಣದಾಗುತ್ತಿತ್ತು. ಅವರು ಏನೂ ಕೇಳಿಸದಂತೆ ಮಾತಾಡಿದರೆ ನಾವು ತಪ್ಪು ಎಲ್ಲಾಯಿತೆಂದು ಹುಡುಕಲು ಶುರುಮಾಡುತ್ತಿದ್ದೆವು.

ವಿಮಾನ ನೆಲ ಬಿಡುವ ಮೊದಲು ಹತ್ತು ಸಂಗತಿಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಒಂದೂ ತಪ್ಪಬಾರದು. ಅದಕ್ಕಾಗಿ ಕ್ಯಾಪ್ಟನ್ ಇಂಗ್ಲಿಷ್ ಅಕ್ಷರಗಳ ಒಂದು ಸಾಲು ಕಲಿಸಿದ್ದರು. ಒಂದೊಂದು ಅಕ್ಷರಕ್ಕೆ ಒಂದೊಂದು ಕೆಲಸ, ಅಕ್ಷರಗಳನ್ನು ಕೂಡಿಸಿದರೆ ಒಂದು ತಮಾಷೆಯ ವಾಕ್ಯ. ಕಾನ್ವೆಂಟಿನಲ್ಲಿ ಓದಿದ ಜೊತೆಯವರು ಒಮ್ಮೆ ನಕ್ಕು ಕಲಿತುಬಿಟ್ಟರು. ನನಗೆ ನಗುವೇ ಬರಲಿಲ್ಲ. ತಮಾಷೆ ಅರ್ಥವಾಗದ ಮೇಲೆ ಅದು ನೆನಪಿನಲ್ಲಿ ನಿಲ್ಲುವುದು ಎಲ್ಲಿಂದ ಬಂತು? ಇಂಜಿನ್ ಸದ್ದಿನಲ್ಲಿ ಮೂರನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಮೊದಲನೆಯದು ಏನಿತ್ತೆಂದು ಮರೆಯುತ್ತಿತ್ತು.

ಒಂದು ದಿನ ಹಾಸ್ಟೆಲಿನ ಹಾಸಿಗೆಯ ಮೇಲೆ ಕೂತು, ನನಗೆ ತಪ್ಪದೆ ಸಾಲಾಗಿ ಬರುವುದು ಏನಿದೆ ಎಂದು ನನ್ನನ್ನೇ ಕೇಳಿಕೊಂಡೆ. ಬಸ್ ದಾರಿ ಬಂತು. ಭಟ್ಕಳ, ಶಿರಾಲಿ, ಬೈಲೂರು, ಮಂಕಿ, ಕಾಸರಕೋಡ, ಕರ್ಕಿ, ಹಳದೀಪುರ, ಧಾರೇಶ್ವರ, ಹೊಳನಗದ್ದೆ, ಕುಮಟೆ. ಬೆರಳು ಮಡಚಿ ನೋಡಿದರೆ ಸರಿಯಾಗಿ ಹತ್ತು.

ಭಟ್ಕಳದಲ್ಲಿ ಕಂಡಕ್ಟರ್ ಬಾಗಿಲು ಹಾಕುತ್ತಿದ್ದ. ಅಲ್ಲಿ ವಿಮಾನದ ಬಾಗಿಲು ಮತ್ತು ಸೊಂಟದ ಪಟ್ಟಿ. ಶಿರಾಲಿಯಲ್ಲಿ ಡ್ರೈವರ್ ಇಳಿದು ಡಬ್ಬಿಯಿಂದ ರೇಡಿಯೇಟರಿಗೆ ನೀರು ಹುಯ್ಯುತ್ತಿದ್ದ. ಅಲ್ಲಿ ಪೆಟ್ರೋಲಿನ ನಲ್ಲಿ ತೆರೆದಿದೆಯೇ ಎಂದು ನೋಡುವುದು. ಬೈಲೂರಿನ ತಿರುವಿನಲ್ಲಿ ಸ್ಟಿಯರಿಂಗನ್ನು ಪೂರ್ತಿ ಆ ಕಡೆ, ಪೂರ್ತಿ ಈ ಕಡೆ ತಿರುಗಿಸುತ್ತಿದ್ದ. ಅಲ್ಲಿ ಹಿಡಿಕೋಲು ಮತ್ತು ರೆಕ್ಕೆಯ ತುದಿಗಳ ಅಲುಗಾಟ. ಮಂಕಿಯಲ್ಲಿ ರಸ್ತೆಯ ಎಡಕ್ಕೊಂದು ಬಲಕ್ಕೊಂದು ಚಹಾ ಅಂಗಡಿ, ಜಗಳವಾಡಿ ಬೇರೆಯಾದ ಅಣ್ಣತಮ್ಮಂದಿರದು. ಇಂಜಿನಿಗೆ ಕಿಡಿ ಕೊಡುವ ಮ್ಯಾಗ್ನೆಟೊಗಳೂ ಎರಡು. ಎಡದ್ದನ್ನು ನೋಡಬೇಕು, ಬಲದ್ದನ್ನು ನೋಡಬೇಕು, ಆಮೇಲೆ ಎರಡನ್ನೂ ಕೂಡಿಸಬೇಕು. ಕಾಸರಕೋಡದಲ್ಲಿ ಎಲ್ಲರೂ ಬಸ್ಸಿಳಿದು ಲಾಂಚಿನಲ್ಲಿ ಶರಾವತಿ ದಾಟಿ, ಹೊನ್ನಾವರದ ದಡದಲ್ಲಿ ಬೇರೆ ಬಸ್ಸು ಹಿಡಿಯಬೇಕಾಗಿತ್ತು. ಆಗ ಅಲ್ಲಿ ಸೇತುವೆ ಇರಲಿಲ್ಲ. ಹೊಳೆಯ ನೀರಿನ ಮಟ್ಟ ಎಂದರೆ ಎತ್ತರ ತೋರಿಸುವ ಆಲ್ಟಿಮೀಟರ್. ಹೀಗೆ ಧಾರೇಶ್ವರದ ದೇವಸ್ಥಾನದ ದೀಪಕ್ಕೆ ಇಂಜಿನ್ ಎಣ್ಣೆಯ ಒತ್ತಡ. ಹೊಳನಗದ್ದೆಯಲ್ಲಿ ಇಳಿದರೆ ರಸ್ತೆ ದಾಟುವ ಮುಂಚೆ ಎರಡೂ ಕಡೆ ನೋಡು ಎಂದು ಅಕ್ಕ ಹೇಳುತ್ತಿದ್ದಳು. ಅಲ್ಲಿ, ಬೇರೆ ವಿಮಾನ ಇಳಿಯಲು ಬರುತ್ತಿದೆಯೇ ಎಂದು ಆಕಾಶ ನೋಡುವುದು. ಕುಮಟೆ ಬಂದರೆ ಪೂರ್ತಿ ವೇಗ.

ಆ ಹೊಳೆಯಿಂದ ನನಗೆ ಇನ್ನೊಂದು ಪಾಠವೂ ಸಿಕ್ಕಿತು. ಕಾಲೇಜಿನ ದಿನಗಳಲ್ಲಿ ಒಮ್ಮೆ ಲಾಂಚಿನ ಇಂಜಿನ್ ನೀರಿನ ಮಧ್ಯದಲ್ಲಿ ನಿಂತಿತು. ಇಳಿತದ ಹೊತ್ತು, ನೀರು ಸಮುದ್ರದ ಕಡೆ ಎಳೆಯುತ್ತಿತ್ತು. ಬಿಟ್ಟ ದಡವೇ ಹತ್ತಿರ, ತಿರುಗಿಸು ಎಂದು ಜನ ಕೂಗಿದರು. ಲಾಂಚ್ ನಡೆಸುವ ತಾಂಡೇಲ ತಿರುಗಿಸಲಿಲ್ಲ. "ತಿರುಗ್ಸೂಕೆ ಹೋದ್ರೆ ಮಗ್ಗಲು ಕೊಟ್ಟು ಮಗಚ್ತದೆ. ಮುಂದೆ ಎಲ್ಲಿ ಸಿಗ್ತದೆ ಅಲ್ಲಿ ಹಚ್ಚೂದು" ಎಂದು, ಉಳಿದಿದ್ದ ಓಟದಲ್ಲೇ ಒಂದು ಮರಳು ದಿಬ್ಬಕ್ಕೆ ತಂದು ನಿಲ್ಲಿಸಿದ. ನೆಲ ಬಿಟ್ಟ ಕೂಡಲೇ ಇಂಜಿನ್ ಕೆಟ್ಟರೆ ಓಡುದಾರಿಯ ಕಡೆ ತಿರುಗಬೇಡ, ಮುಂದೆ ಸಿಕ್ಕ ಜಾಗದಲ್ಲೇ ಇಳಿಸು ಎಂಬ ನಿಯಮ ಎಲ್ಲ ಪುಸ್ತಕದಲ್ಲೂ ಇದೆ. ನನಗೆ ಅದು ಆ ತಾಂಡೇಲನ ಮುಖದಲ್ಲಿ ನೆನಪಿದೆ. ಬಹಳ ವರ್ಷಗಳ ಮೇಲೆ ಒಬ್ಬ ವಿದ್ಯಾರ್ಥಿಯ ಜೊತೆ ಏರುತ್ತಿದ್ದಾಗ ಇಂಜಿನ್ ನಿಂತೇ ಹೋಯಿತು. ಹುಡುಗನ ಕೈ ತನ್ನಷ್ಟಕ್ಕೇ ತಿರುಗಿಸಲು ಹೋಯಿತು. ಆ ಕೈ ಹಿಡಿದು ನೇರ ಮುಂದಿನ ರಾಗಿ ಹೊಲಕ್ಕೆ ಇಳಿಸಿದೆ. ಒಂದು ಚಕ್ರ ಮುರಿಯಿತು. ಇಬ್ಬರೂ ನಡೆದುಕೊಂಡು ಹೊರಗೆ ಬಂದೆವು.

ಬಸ್ ದಾರಿ ಹಿಡಿದ ಮೇಲೆ ನನಗೆ ಧೈರ್ಯ ಬಂತು. ಸ್ವಲ್ಪ ಹೆಚ್ಚೇ ಬಂತು. ಒಂದು ಬೆಳಿಗ್ಗೆ ನಾನು ಕುಮಟೆ ಮುಟ್ಟಿ ವೇಗ ಕೊಟ್ಟೆ. ವಿಮಾನ ನೆಲ ಬಿಟ್ಟಿದ್ದೇ ತಡ ಮೂಗು ಮೇಲೆದ್ದು ಆಕಾಶ ಬಿಟ್ಟರೆ ಬೇರೇನೂ ಕಾಣಲಿಲ್ಲ. ಪಕ್ಕದಲ್ಲಿದ್ದ ಕ್ಯಾಪ್ಟನ್ ಹಿಡಿಕೋಲನ್ನು ಎರಡೂ ಕೈಯಿಂದ ಮುಂದಕ್ಕೆ ಒತ್ತಿದರು. ಇನ್ನು ಎರಡು ಉಸಿರು ತಡವಾಗಿದ್ದರೆ ವಿಮಾನ ಗಾಳಿಯ ಹಿಡಿತ ಕಳೆದುಕೊಂಡು ಬೀಳುತ್ತಿತ್ತು. ಆಸನದ ಪಕ್ಕದಲ್ಲಿ ಟ್ರಿಮ್ ಎಂಬ ಚಿಕ್ಕ ಚಕ್ರವಿದೆ. ಮೂಗು ತಾನಾಗಿ ಏಳದಂತೆ, ತಾನಾಗಿ ಬೀಳದಂತೆ ತೂಕ ಸರಿಮಾಡುವುದು ಅದರ ಕೆಲಸ. ಹಿಂದಿನ ಸಲ ಇಳಿಸುವಾಗ ತಿರುಗಿಸಿದ್ದನ್ನು ನಾನು ಹಾಗೇ ಬಿಟ್ಟಿದ್ದೆ.

ವಾರದೊಳಗೆ ಇನ್ನೊಂದು. ಇಂಜಿನಿನ ಕಾರ್ಬುರೇಟರಿಗೆ ಬಿಸಿಗಾಳಿ ಬಿಡುವ ಒಂದು ಗುಂಡಿ ಇದೆ. ಎಳೆದು ಪರೀಕ್ಷಿಸಿ, ಮತ್ತೆ ಒಳಗೆ ತಳ್ಳಬೇಕು. ಹೊರಗೇ ಉಳಿದರೆ ಇಂಜಿನಿಗೆ ಪೂರ್ತಿ ಶಕ್ತಿ ಬರುವುದಿಲ್ಲ. ಅದು ಹೊರಗೇ ಉಳಿದಿತ್ತು. ವಿಮಾನ ಓಡಿತು, ಓಡಿತು, ಏಳಲೇ ಇಲ್ಲ. ಓಡುದಾರಿ ಮುಗಿಯುವ ಮುಂಚೆ ಕ್ಯಾಪ್ಟನ್ ವೇಗ ಕಡಿದು ನಿಲ್ಲಿಸಿದರು. ಕೆಳಗಿಳಿದ ಮೇಲೆ ಅವರ ದನಿ ಕಿವಿಗೆ ಬೀಳದಷ್ಟು ಸಣ್ಣದಾಗಿತ್ತು. ನಾನು ಬಗ್ಗಿ ಕೇಳಬೇಕಾಯಿತು. ನೀನು ಪದವೀಧರ ಎಂದು ನನಗೆ ಗೊತ್ತು, ವಿಮಾನಕ್ಕೆ ಗೊತ್ತಿಲ್ಲ ಎಂದರು. ಹದಿನೈದು ದಿನ ಮನೆಗೆ ಹೋಗಿ ಬಾ. ಬಂದ ಮೇಲೆ ನಾನೇ ನಿನ್ನನ್ನು ಪರೀಕ್ಷೆ ಮಾಡುತ್ತೇನೆ. ಅದರಲ್ಲಿ ಒಂದೇ ಒಂದು ಮರೆತರೂ ನಿನ್ನ ಹೆಸರು ಹೊಡೆದುಹಾಕಿ ಸರ್ಕಾರಕ್ಕೆ ಬರೆಯುತ್ತೇನೆ ಎಂದರು. ಆ ವಿದ್ಯಾರ್ಥಿವೇತನ ಎರಡನೆಯ ಸಲ ಯಾರಿಗೂ ಸಿಗುತ್ತಿರಲಿಲ್ಲ.

ಮೊದಲು ಮುಟ್ಟಳ್ಳಿಗೆ ಹೋದೆ. ಮಾವನಿಗೆ ರಜೆ ಎಂದಷ್ಟೇ ಹೇಳಿದೆ. ಮಾರನೆಯ ಬೆಳಿಗ್ಗೆ ಅದೇ ಮೊದಲ ಬಸ್ಸು ಹತ್ತಿ, ದಾರಿಯನ್ನು ಕಣ್ಣಾರೆ ಪರೀಕ್ಷಿಸುತ್ತಾ ಹೋಗುವುದೆಂದು ಕಿಟಕಿಯ ಪಕ್ಕ ಕೂತೆ. ಬಾಗಿಲು, ರೇಡಿಯೇಟರು, ತಿರುವು, ಅಣ್ಣತಮ್ಮಂದಿರ ಅಂಗಡಿ, ಎಲ್ಲ ಇದ್ದಲ್ಲೇ ಇತ್ತು. ಲಾಂಚಿನಿಂದ ಇಳಿದು ಓಡಿ ಹೊನ್ನಾವರದ ಬಸ್ಸಿನಲ್ಲಿ ಸೀಟು ಹಿಡಿದೆ. ಆಮೇಲೆ ಯಾರೋ ಭುಜ ಅಲುಗಿಸಿದರು. ಹಳೆಯ ಪರಿಚಯದ ಕಂಡಕ್ಟರ್ ಗಣಪು.

"ಹೊಳನಗದ್ದೆ ಬಂತು, ಇಳಿ ಮಾರಾಯ. ಬೆಂಗಳೂರಿಗೆ ಹೋದ್ರೂ ನಿನ್ನ ನಿದ್ದೆ ಬದ್ಲಾಗ್ಲಿಲ್ಲ."

ನಾನು ಕಣ್ಣುಜ್ಜುತ್ತಾ, ಯಾವ ನಿದ್ದೆ ಎಂದೆ.

"ಕಾಲೇಜಿಗೆ ಹೋಗೂವಾಗ್ಲೂ ಹಿಂಗೇ. ಹೊನ್ನಾವರ ದಾಟಿದ್ಮೇಲೆ ನೀ ಕಣ್ ಬಿಟ್ಟಿದ್ದು ನಾ ಒಂದಿನಾನೂ ಕಂಡಿಲ್ಲ. ಧಾರೇಶ್ವರದಲ್ಲಿ ಒಂದ್ಸಲ ಎದ್ದು ಕೈ ಮುಗೀತಿದ್ದೆ, ಅಷ್ಟೇ."

ಬಸ್ಸು ಹೋಯಿತು. ನಾನು ರಸ್ತೆಯ ಬದಿಯಲ್ಲಿ ನಿಂತೇ ಇದ್ದೆ. ಭಾನುವಾರವಿಡೀ ದುಡಿದು, ಬೆಳಗಾಗುವ ಮೊದಲೇ ಎದ್ದು ಹೊರಟವನು ಹೊಳೆ ದಾಟುವವರೆಗೆ ಹೇಗೋ ಎಚ್ಚರವಿರುತ್ತಿದ್ದೆ. ಸೀಟು ಸಿಕ್ಕಿತೆಂಬ ನೆಮ್ಮದಿಗೆ ನಿದ್ದೆ ಹತ್ತುತ್ತಿತ್ತು. ಶನಿವಾರ ಹೋಗುವಾಗಲೋ ಬಸ್ಸು ತುಂಬಿ, ನಿಂತವರ ನಡುವೆ ಕಿಟಕಿಯೇ ಕಾಣುತ್ತಿರಲಿಲ್ಲ. ಕರ್ಕಿ ಮತ್ತು ಹಳದೀಪುರ ನನಗೆ ಬರೀ ಹೆಸರು. ಅಲ್ಲಿ ಏನಿದೆ ಎಂದು ನಾನು ನೋಡಿಯೇ ಇರಲಿಲ್ಲ. ಕರ್ಕಿಗೆ ನಾನು ಹಚ್ಚಿದ್ದು ಬಿಸಿಗಾಳಿಯ ಗುಂಡಿ. ಹಳದೀಪುರಕ್ಕೆ ಟ್ರಿಮ್. ವಿಮಾನದಲ್ಲಿ ಕೂತಾಗಲೂ ನನ್ನ ತಲೆ ಆ ಎರಡು ಊರಿನಲ್ಲಿ ನಿದ್ದೆ ಮಾಡಿಕೊಂಡೇ ದಾಟುತ್ತಿತ್ತು.

ಅಕ್ಕನ ಮನೆಯವರು ಎರಡನೆಯ ಬೆಳೆಗೆ ಸಸಿ ನೆಡುವ ನೆಟ್ಟಿಯಲ್ಲಿದ್ದರು. ಊಟ ಮಾಡುವಾಗ ಅಕ್ಕನಿಗೆ ಎಲ್ಲ ಹೇಳಿದೆ, ಹೆಸರು ಹೊಡೆಯುವ ಮಾತನ್ನೂ ಮುಚ್ಚಿಡಲಿಲ್ಲ. ಅವಳು ಇನ್ನೊಂದು ಸೌಟು ಅನ್ನ ಬಡಿಸಿದಳು. ಅಕ್ಷರ ಬರದ ಅವಳಿಗೆ ನೆಟ್ಟಿಯ ಪದಗಳು ಬೆಳಗಿನಿಂದ ಸಂಜೆವರೆಗೆ ಹಾಡಿದರೂ ಮುಗಿಯದಷ್ಟು ಬರುತ್ತಿದ್ದವು. ಒಂದು ಹೇಳು, ಹೇಗೆ ನೆನಪಿಡುತ್ತೀ ನೋಡುತ್ತೇನೆ ಎಂದೆ. ಜಗಲಿಯ ಮೇಲೆ ಕೂತು ಶುರು ಮಾಡಿದಳು. ಎಂಟು ಹತ್ತು ಸಾಲಿಗೆ ತಡವರಿಸಿದಳು. ಮತ್ತೆ ಮೊದಲಿನಿಂದ ಹೇಳಿದಳು, ಮತ್ತೆ ಅಲ್ಲೇ ನಿಂತಿತು. ನನಗೆ ಆಶ್ಚರ್ಯ, ಅವಳಿಗೆ ನಾಚಿಕೆ.

"ಹಿಂಗೆ ಕೂತ್ಕಂಡು ಹೇಳು ಅಂದ್ರೆ ಎಲ್ಲಿಂದ ಬತ್ತದೆ? ಕೈಲಿ ಸಸಿ ಬೇಕು, ತಮಾ. ಕೈ ಮುಂದೆ ಹೋಗ್ಬೇಕು, ಬಾಯಿ ಅದ್ರ ಹಿಂದೆ ಬರ್ಬೇಕು."

ಮಧ್ಯಾಹ್ನ ಗದ್ದೆಯಲ್ಲಿ ಸಸಿಯ ಸೂಡಿ ಕೈಗೆ ಬಂದ ಕೂಡಲೇ ಅದೇ ಪದ ಎಲ್ಲೂ ನಿಲ್ಲದೆ ಹರಿಯಿತು. ನಾನು ಅಂಚಿನ ಮೇಲೆ ಕೂತು ನೋಡಿದೆ. ಒಂದು ಸಸಿ ನೆಡುವುದು, ಅರ್ಧ ಸಾಲು. ಇನ್ನೊಂದು ಸಸಿ, ಉಳಿದ ಅರ್ಧ. ನಾನು ವಿಮಾನದಲ್ಲಿ ಮಾಡುತ್ತಿದ್ದುದು ಇದರ ತಿರುವುಮುರುವು. ಬಾಯಿ ಊರಿನ ಹೆಸರು ಹೇಳಿಕೊಂಡು ಮುಂದೆ ಓಡುತ್ತಿತ್ತು, ಕೈ ಬಂತೋ ಇಲ್ಲವೋ ಎಂದು ಅದು ತಿರುಗಿ ನೋಡುತ್ತಿರಲಿಲ್ಲ.

ಮರುದಿನ ಹೊನ್ನಾವರಕ್ಕೆ ಹೋಗಿ ಅಲ್ಲಿಂದ ಹೊಳನಗದ್ದೆಗೆ ನಡೆದುಕೊಂಡು ಬಂದೆ. ಕರ್ಕಿಯಲ್ಲಿ ರಸ್ತೆಗೆ ತಾಗಿ ಒಬ್ಬ ಕಮ್ಮಾರನ ಕುಲುಮೆ. ತಿದಿ ಎಳೆದಾಗ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಬೇಕಾದ್ದು ಸಿಕ್ಕಿತು ಎಂದುಕೊಂಡು ಅಲ್ಲಿ ಅರ್ಧ ಗಂಟೆ ನಿಂತೆ. ಹಳದೀಪುರದಲ್ಲಿ ಒಂದು ಕಿರಾಣಿ ಅಂಗಡಿಯ ಮುಂದೆ ದೊಡ್ಡ ತಕ್ಕಡಿ ತೂಗುಹಾಕಿದ್ದರು. ಅಂಗಡಿಯವರು ಬೆರಳ ತುದಿಯಿಂದ ಮುಟ್ಟಿ ಮುಳ್ಳನ್ನು ನಡುವಿಗೆ ತಂದು ನಿಲ್ಲಿಸುವುದನ್ನೇ ನಾನು ನೋಡುತ್ತಾ ನಿಂತೆ. ಅವರಿಗೆ ಅನುಮಾನ ಬಂದು, ತೂಕ ಮಾಪನ ಇಲಾಖೆಯವರೋ ಎಂದು ಕೇಳಿದರು. ಅಲ್ಲ ಎಂದೆ. ಮತ್ತೆ ಎಂತಕ್ಕೆ ನೋಡ್ತೀರಿ ಎಂದರು. ವಿಮಾನ ಹಾರಿಸುವುದಕ್ಕೆ ಎಂದೆ. ಅವರು ಆಮೇಲೆ ನನ್ನೊಡನೆ ಬಹಳ ನಯವಾಗಿ ಮಾತಾಡಿ, ಬಿಸಿಲು ಜೋರಿದೆ, ನೆರಳಲ್ಲಿ ಹೋಗಿ ಎಂದು ಕಳಿಸಿಕೊಟ್ಟರು.

ಉಳಿದ ದಿನಗಳಲ್ಲಿ ಅಕ್ಕನ ಅಡುಗೆಮನೆಯ ಮಣೆಯ ಮೇಲೆ ಕೂತು ಅಭ್ಯಾಸ ಮಾಡಿದೆ. ಗೋಡೆಗೆ ಮಸಿಯಲ್ಲಿ ಗುರುತು ಹಾಕಿಕೊಂಡಿದ್ದೆ. ಮೊದಲು ಕೈ ಆ ಗುರುತನ್ನು ಮುಟ್ಟಬೇಕು, ಆಮೇಲೆ ಬಾಯಿ ಊರಿನ ಹೆಸರು ಹೇಳಬೇಕು. ಅಕ್ಕ ದೋಸೆ ಹುಯ್ಯುತ್ತಾ ನಡುನಡುವೆ ಬೇಕೆಂದೇ ಬೇರೆ ಮಾತು ತೆಗೆಯುತ್ತಿದ್ದಳು. ಅದಕ್ಕೆ ಉತ್ತರ ಕೊಟ್ಟು ನಿಲ್ಲಿಸಿದ ಊರಿನಿಂದ ಮುಂದುವರಿದರೆ, "ಅದೆಲ್ಲ ಆಗೂದಿಲ್ಲ, ಭಟ್ಕಳದಿಂದ ಬಾ" ಎನ್ನುತ್ತಿದ್ದಳು. ಮಧ್ಯೆ ತಡೆದರೆ ಮೊದಲಿನಿಂದ ಶುರುಮಾಡಬೇಕೆಂಬ ನಿಯಮವನ್ನು ನಾನು ಕೊನೆಯವರೆಗೂ ಎಲ್ಲ ವಿದ್ಯಾರ್ಥಿಗಳಿಗೂ ಕಡ್ಡಾಯ ಮಾಡಿದೆ. ಅದು ಬಂದದ್ದು ಆ ಅಡುಗೆಮನೆಯಿಂದ.

ಪರೀಕ್ಷೆಯ ದಿನ ಕ್ಯಾಪ್ಟನ್ ಪಕ್ಕದಲ್ಲಿ ಕೂತರು. ನಾನು ಕಾಸರಕೋಡಕ್ಕೆ ಬಂದು ಆಲ್ಟಿಮೀಟರ್ ಸರಿಮಾಡುತ್ತಿದ್ದಾಗ ಅವರು ಗಾಳಿಯ ದಿಕ್ಕು ಯಾವುದು, ಆ ಮೋಡದ ಹೆಸರೇನು ಎಂದು ಕೇಳಿದರು. ಹೇಳಿದೆ. ಕೈ ಮಡಿಲಿಗೆ ತಂದುಕೊಂಡು ಮತ್ತೆ ಭಟ್ಕಳಕ್ಕೆ ಹೋದೆ. ಅವರು ಗಡಿಯಾರ ನೋಡಿಕೊಂಡರು. ಅವಸರವಾಗಲಿ ಎಂದೇ ಹಾಗೆ ಮಾಡಿದರೆಂದು ನನಗೆ ಗೊತ್ತಾಯಿತು. ಶಿರಾಲಿಯಲ್ಲಿ ನಲ್ಲಿ ತೆರೆದೇ ಇತ್ತು. ಮಂಕಿಯಲ್ಲಿ ಅಣ್ಣನೂ ಸರಿ, ತಮ್ಮನೂ ಸರಿ. ಕರ್ಕಿಯಲ್ಲಿ ಗುಂಡಿ ಎಳೆದು, ಇಂಜಿನ್ ಸದ್ದು ಇಳಿದದ್ದು ಕೇಳಿ, ಒಳಗೆ ತಳ್ಳಿದೆ. ಹಳದೀಪುರಕ್ಕೆ ಕೈ ಚಾಚಿದರೆ ಟ್ರಿಮ್ ಚಕ್ರ ಪೂರ್ತಿ ಹಿಂದಕ್ಕೆ ತಿರುಗಿತ್ತು. ನಾನು ಮೋಡ ನೋಡುತ್ತಿದ್ದಾಗ ಅವರೇ ತಿರುಗಿಸಿದ್ದರು. ಮುಳ್ಳನ್ನು ನಡುವಿಗೆ ತಂದೆ. ಅವರ ಕಡೆ ನೋಡಲಿಲ್ಲ. ಧಾರೇಶ್ವರ, ಹೊಳನಗದ್ದೆ, ಕುಮಟೆ. ವಿಮಾನ ಎಷ್ಟು ಸಮವಾಗಿ ನೆಲ ಬಿಟ್ಟಿತೆಂದರೆ ಚಕ್ರದ ಸದ್ದು ನಿಂತದ್ದರಿಂದಲೇ ನನಗೆ ಅದು ಗೊತ್ತಾಯಿತು.

ಇಳಿದ ಮೇಲೆ, ನೀನು ಗೊಣಗುತ್ತಿದ್ದುದು ಯಾವ ಮಂತ್ರ ಎಂದು ಕೇಳಿದರು. ಮಂತ್ರವಲ್ಲ ಸರ್, ಬಸ್ ನಿಲ್ದಾಣಗಳು ಎಂದು ಇದ್ದದ್ದನ್ನು ಹೇಳಿದೆ. ಅವರು ಮೀಸೆಯೊಳಗೆ ನಕ್ಕರು. ಎಲ್ಲ ಕಡೆಯೂ ನಿಲ್ಲುವ ಬಸ್ಸನ್ನೇ ಹಿಡಿ, ಎಕ್ಸ್‌ಪ್ರೆಸ್ ಹತ್ತಬೇಡ ಎಂದರು. ಆ ಶಾಲೆಯಲ್ಲಿ ನಾನು ಪಡೆದ ದೊಡ್ಡ ಮೆಚ್ಚುಗೆ ಅದು.

ಮುಂದೆ ನಾನೇ ಶಿಕ್ಷಕನಾದಾಗ ಒಂದು ಮೂರ್ಖತನ ಮಾಡಿದೆ. ನನ್ನ ದಾರಿಯನ್ನೇ ಎಲ್ಲರಿಗೂ ಕಲಿಸಿದೆ. ಬಯಲುಸೀಮೆಯ ಒಬ್ಬ ಹುಡುಗ ಭಟ್ಕಳ, ಶಿರಾಲಿ ಎಂದು ಕಂಡಕ್ಟರನಿಗಿಂತ ಚೆನ್ನಾಗಿ ಕೂಗುತ್ತಿದ್ದ. ನಾನು ಮೊದಲೇ ಪೆಟ್ರೋಲಿನ ನಲ್ಲಿಯನ್ನು ಮುಚ್ಚಿಟ್ಟು ಪರೀಕ್ಷಿಸಿದರೆ, ಶಿರಾಲಿ ಎಂದು ಹೇಳಿ ಮುಂದೆ ಹೋಗಿಬಿಟ್ಟ. ಅವನು ಶಿರಾಲಿಯನ್ನು ಕಂಡವನೇ ಅಲ್ಲ. ನಿನ್ನ ಮನೆಯಿಂದ ಶಾಲೆಗೆ ಹೋಗುವ ದಾರಿ ಯಾವುದು, ಅದನ್ನು ಹೇಳು ಎಂದೆ. ಬಾವಿ, ಗಾಣ, ಅಂಚೆ ಕಚೇರಿ ಎಂದು ಶುರುಮಾಡಿದ. ಹದಿನೈದು ನಿಮಿಷದಲ್ಲಿ ಕಲಿತ. ನೀವು ಕೂಡ ಯಾರ ದಾರಿಯನ್ನೂ ಸಾಲ ತರಬೇಡಿ. ನಡೆದದ್ದನ್ನು, ಅದೂ ಎಚ್ಚರವಿದ್ದು ನಡೆದದ್ದನ್ನು ಬಳಸಿ. ಆಮೇಲಾಮೇಲೆ ಅಚ್ಚು ಹಾಕಿದ ಪಟ್ಟಿಗಳು ಬಂದವು. ಅವನ್ನು ನೋಡಿ ಓದುವುದು ಅವಮಾನ ಎಂದುಕೊಂಡ ಹಿರಿಯರನ್ನು ನಾನು ಕಂಡಿದ್ದೇನೆ. ಅವಮಾನವೇನೂ ಇಲ್ಲ, ಓದಿ. ಆದರೆ ಪಟ್ಟಿ ಗಾಳಿಗೆ ಹಾರಿ ಕಾಲಡಿಗೆ ಬಿದ್ದಾಗ ಕೈಗೆ ದಾರಿ ಗೊತ್ತಿರಬೇಕು.

ಅಂದು ಆ ಶಾಲೆಯ ಕಲಿಕೆ ಮುಗಿದಾಗ, ಪೈಲಟ್ ಪರವಾನಗಿಯ ಪ್ರಮಾಣಪತ್ರವನ್ನು ಕ್ಯಾಪ್ಟನ್ ತಮ್ಮ ಕೋಣೆಗೆ ಕರೆದು ಕೊಟ್ಟರು. ಸಮಾರಂಭವೇನೂ ಇರಲಿಲ್ಲ. ಕೈ ಕುಲುಕಿದರು, ಅಷ್ಟೇ. ಅದನ್ನು ರಟ್ಟಿನ ನಡುವೆ ಇಟ್ಟುಕೊಂಡು ಹೊಳನಗದ್ದೆಗೆ ಬಂದೆ. ಅಕ್ಕ ಹಿತ್ತಿಲಲ್ಲಿ ಬಸಳೆ ಚಪ್ಪರಕ್ಕೆ ಕಟ್ಟು ಹಾಕುತ್ತಿದ್ದಳು. ಕೈ ತೊಳೆದು, ಸೆರಗಿನಲ್ಲಿ ಎರಡು ಸಲ ಒರೆಸಿಕೊಂಡು, ಕಾಗದವನ್ನು ಅಂಚಿನಲ್ಲಿ ಮಾತ್ರ ಹಿಡಿದಳು. ನನ್ನ ಫೋಟೊ ನೋಡಿದಳು, ಮೊಹರನ್ನು ಬೆರಳಿನಿಂದ ಸವರಿದಳು. ಎಂತ ಬರೆದಿದ್ದಾರೆ, ಓದು ಎಂದಳು. ಮೊದಲಿನಿಂದ ಕಡೆಯವರೆಗೆ ಕನ್ನಡದಲ್ಲಿ ಅರ್ಥ ಹೇಳಿಕೊಂಡು ಓದಿದೆ. ಇವನು ವಿಮಾನ ನಡೆಸಲು ಅರ್ಹ ಎಂಬಲ್ಲಿಗೆ ಮುಗಿಯಿತು.

"ಏಳ್ಸೂದು ಸರಿ. ಇಳ್ಸೂಕೂ ಬತ್ತದೆ ಅಂತ ಬರ್ದಿದಾರಾ ಇದ್ರಲ್ಲಿ?"

ಅದೂ ಸೇರಿಯೇ ಕೊಟ್ಟದ್ದು ಅಕ್ಕ, ಎಂದೆ.

ಅವಳು ಕಾಗದವನ್ನು ಮಡಚದೆ, ಹಿಡಿದಂತೆಯೇ ನನ್ನ ಕೈಗೆ ವಾಪಸು ಕೊಟ್ಟಳು.

"ಹಂಗಾರೆ ಆತು. ನಿನ್ನ ನಂಬಿ ಕೂತವ್ರನ್ನ ಮನೆಗೆ ಮುಟ್ಸು, ತಮಾ."